ಪೀಚಿಗೆ ಬೆರಳು ತೋರಿಸಬಾರದು

ಮೊನ್ನೆ ಕನಕಪುರ ರಸ್ತೆಯ ತರಕಾರಿ ಅಂಗಡಿಯಲ್ಲಿ ನಿಂತು ನನಗೆ ಬೇಕಾದ ಬದನೆಕಾಯಿಗಳನ್ನು ಒಂದೊಂದಾಗಿ ತೋರಿಸುತ್ತಿದ್ದೆ. ಅಂಗಡಿಯಾಕೆ ಬದನೆಕಾಯಿ ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದಳು.

"ಬೆರಳಿಗೆ ಏನಾಯ್ತಕ್ಕ? ಬಾಗಿಲಿಗೆ ಸಿಕ್ಕಾಕೊಂಡ್ತಾ?"

ಆಗಲೇ ನನಗೆ ಗೊತ್ತಾಗಿದ್ದು. ತೋರುಬೆರಳನ್ನು ಒಳಕ್ಕೆ ಮಡಚಿಕೊಂಡು, ಗೆಣ್ಣನ್ನು ಮುಂದೆ ಮಾಡಿ ಬದನೆಕಾಯಿ ತೋರಿಸುತ್ತಿದ್ದೆ. ಬಿಡಿಸಲು ನೋಡಿದೆ. ಬೆರಳು ಅರ್ಧ ದಾರಿ ಬಂದು, ಏನೋ ನೆನಪಾದಂತೆ ಮತ್ತೆ ಮಡಚಿಕೊಂಡಿತು. ಅಂಗಡಿಯಾಕೆ ಹರಳೆಣ್ಣೆ ಬಿಸಿ ಮಾಡಿ ಹಚ್ಚಲು ಹೇಳಿದಳು. ಹಿಂದೆ ನಿಂತಿದ್ದ ಇನ್ನೊಬ್ಬ ಆಂಟಿ, ಎಣ್ಣೆಯೆಲ್ಲ ಬೇಡ, ಐಸ್ ಇಡಿ ಎಂದರು. ಇಬ್ಬರಿಗೂ ಆಗಲಿ ಎಂದು ತಲೆಯಾಡಿಸಿ, ಬದನೆಕಾಯಿ ತೂಗಿಸಿಕೊಂಡು ಬಂದೆ. ಇದು ನೋವಲ್ಲ, ಬೇಸಿಗೆಯ ಅಭ್ಯಾಸ ಎಂದು ಅಲ್ಲಿ ನಿಂತು ವಿವರಿಸಲು ಹೋದರೆ ಹಿಂದಿನ ಸಾಲು ರಸ್ತೆ ದಾಟುತ್ತಿತ್ತು. ಲಿಫ್ಟಿನ ಗುಂಡಿಯನ್ನು ಗೆಣ್ಣಿನಿಂದ ಒತ್ತಿದರೆ ಯಾರೂ ಕೇಳುವುದಿಲ್ಲ. ಕರೋನಾ ಬಂದ ಮೇಲೆ ಊರೇ ಹಾಗೆ ಒತ್ತುತ್ತದೆ. ಬದನೆಕಾಯಿಯ ಮುಂದೆ ಮಾತ್ರ ಸಿಕ್ಕಿಬಿದ್ದೆ. ನೀವು ಹೇಗೂ ಬಿಡುವಾಗಿ ಕೂತಿದ್ದೀರಿ, ನಿಮಗೆ ಹೇಳಬಹುದು.

ಶಾಸ್ತ್ರ ಏನೆಂದರೆ, ಬಳ್ಳಿಯಲ್ಲಿ ಹೂವಿನ ಹಿಂದೆ ಪುಟ್ಟ ಕಾಯಿ, ಅಂದರೆ ಪೀಚು, ಕಾಣಿಸಿಕೊಂಡಾಗ ಅದಕ್ಕೆ ಬೆರಳು ಮಾಡಿ ತೋರಿಸಬಾರದು. ತೋರಿಸಿದರೆ ಕೊಳೆತು ಉದುರಿಹೋಗುತ್ತದೆ. ತೋರಿಸದೆ ವಿಧಿಯೇ ಇಲ್ಲ ಎಂದಾದರೆ ಬೆರಳು ಮಡಚಿ ತೋರಿಸಬೇಕು. ತ್ಯಾಗರಾಜನಗರದ ನಮ್ಮಜ್ಜಿಯ ಮನೆಯ ಹಿತ್ತಲಲ್ಲಿ ಈ ಕಾನೂನು ಬಲು ಕಟ್ಟುನಿಟ್ಟಾಗಿತ್ತು. ಬಚ್ಚಲ ನೀರು ಹರಿದುಹೋಗುವ ದಾರಿಯಲ್ಲಿ ಕೆಸು, ಬಸಳೆ, ಒಂದು ಬಾಳೆ. ಅದರಾಚೆ ಚಪ್ಪರದ ಮೇಲೆ ತೊಂಡೆ, ಹಾಗಲ. "ಎಳೇ ಮಗು ಕಣೇ ಅದು, ಬೆರಳು ಮಾಡಿದ್ರೆ ನಾಚ್ಕೊಂಡು ಸತ್ತೇ ಹೋಗುತ್ತೆ" ಎನ್ನುತ್ತಿದ್ದರು ಅಜ್ಜಿ. ಮರೆತು ತೋರಿಸಿಬಿಟ್ಟರೆ ಅದಕ್ಕೆ ಪ್ರಾಯಶ್ಚಿತ್ತವೂ ಇತ್ತು. ತೋರಿಸಿದ ಬೆರಳನ್ನು ಅಲ್ಲೇ ನಿಂತು ಕಚ್ಚಿಕೊಳ್ಳಬೇಕು.

ನನಗೆ ಆಗ ಒಂಬತ್ತು ವರ್ಷ, ಹಾಗಲಕಾಯಿ ಕಂಡರೆ ಆಗುತ್ತಿರಲಿಲ್ಲ. ಒಂದು ಬೇಸಿಗೆಯ ಮಧ್ಯಾಹ್ನ, ಅಜ್ಜಿ ಮಹಡಿಯಲ್ಲಿ ಸಂಡಿಗೆ ಕಾಯುತ್ತಿದ್ದಾಗ, ನಾನು ಹಿತ್ತಲಿಗೆ ನುಗ್ಗಿ ಹಾಗಲ ಬಳ್ಳಿಯ ಮುಂದೆ ನಿಂತು ಎರಡೂ ಕೈಯ ತೋರುಬೆರಳುಗಳಿಂದ ಒಂದೊಂದು ಪೀಚನ್ನೂ ಹುಡುಕಿ ಹುಡುಕಿ ತೋರಿಸಿದೆ. ಎಲೆಯಡಿ ಅಡಗಿದ್ದವನ್ನೂ ಬಿಡಲಿಲ್ಲ. ಆ ವರ್ಷ ಹಾಗಲ ಹಿಂದೆಂದೂ ಬಿಡದಷ್ಟು ಬಿಟ್ಟಿತು. ಪಲ್ಯ, ಗೊಜ್ಜು, ಬಾಳಕ, ಕೊನೆಗೆ ಹಾಗಲಕಾಯಿ ಚಿತ್ರಾನ್ನ ಎಂಬ ಒಂದು ಪದಾರ್ಥ. ಅಜ್ಜಿ ಬೀದಿಯಲ್ಲೆಲ್ಲ ನನ್ನ ಕೈಗುಣವನ್ನು ಹೊಗಳಿಕೊಂಡು ಬಂದರು, ಏಕೆಂದರೆ ಆ ಬೀಜ ಊರಿದ್ದು ನಾನೇ. ನಾನು ಬಾಯಿ ಬಿಡಲಿಲ್ಲ. ತಿನ್ನಲಿಕ್ಕೆ ಮಾತ್ರ ಬಿಟ್ಟೆ.

ಇಷ್ಟೆಲ್ಲ ಆದ ಮೇಲೂ ಐವತ್ತಾರನೇ ವಯಸ್ಸಿನಲ್ಲಿ ಬೆರಳು ಮಡಚಿಕೊಂಡು ತಿರುಗುತ್ತಿದ್ದೇನೆ ಅಂದರೆ ಅದಕ್ಕೆ ನಮ್ಮ ಓನರ್ ನಂಜಪ್ಪನವರು ಕಾರಣ.

ನಾವು ಕೋಣನಕುಂಟೆಯಲ್ಲಿ ಬಾಡಿಗೆಗಿರುವುದು ಅವರ ಮನೆಯ ಮೂರನೇ ಮಹಡಿಯಲ್ಲಿ. ನೆಲಮಹಡಿಯಲ್ಲಿ ಅವರು ಮತ್ತು ಅವರ ಹೆಂಡತಿ ಕೆಂಪಮ್ಮ. ಈ ಮನೆ ನಿಂತಿರುವ ಜಾಗ ಒಂದು ಕಾಲಕ್ಕೆ ಅವರ ಹೊಲದ ತುದಿ. ಅಲ್ಲಿ ರಾಗಿ, ಅವರೆ, ಬಾವಿಯ ಪಕ್ಕ ತರಕಾರಿ ಬೆಳೆಯುತ್ತಿದ್ದರು. ಈಗ ಸೈಟಿನ ಈ ಗೋಡೆಯಿಂದ ಆ ಗೋಡೆಯವರೆಗೆ ಕಟ್ಟಡ. ಇಡೀ ಸೈಟಿನಲ್ಲಿ ಕಣ್ಣಿಗೆ ಕಾಣುವ ಮಣ್ಣು ಅಂದರೆ ಟೆರೇಸಿನ ಮೇಲೆ ನನ್ನ ಬಕೆಟ್ಟುಗಳಲ್ಲಿರುವುದು. ಬ್ಯಾಂಕಿನ ಕೆಲಸದಿಂದ ಸ್ವಯಂ ನಿವೃತ್ತಿ ಪಡೆದು ಬಂದ ಮೇಲೆ ನಾನು ಒಟ್ಟುಗೂಡಿಸಿದ ಸಾಮ್ರಾಜ್ಯ ಅದು: ಪೇಂಟಿನ ಬಕೆಟ್ಟು ಇಪ್ಪತ್ತೆರಡು, ಸೀಳು ಬಿಟ್ಟ ಡ್ರಮ್ಮು ಒಂದು, ಮತ್ತು ಯಾರೋ ಅಡುಗೆಮನೆ ರಿಪೇರಿ ಮಾಡಿಸಿ ಬೀದಿಗೆ ಹಾಕಿದ್ದ ಸಿಂಕು. ಸಿಂಕಿನಲ್ಲಿ ಮಲ್ಲಿಗೆ. ನೀರು ಹೋಗಲು ತೂತು ಮೊದಲೇ ಇದೆ ನೋಡಿ, ಅಂಥ ಅನುಕೂಲದ ಕುಂಡ ಇನ್ನೊಂದಿಲ್ಲ.

ನಂಜಪ್ಪನವರು ಸಂಜೆ ಟ್ಯಾಂಕಿನ ನೀರು ನೋಡುವ ನೆಪದಲ್ಲಿ ಟೆರೇಸಿಗೆ ಬರುತ್ತಿದ್ದರು. ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹಾಕಿ, "ಏನ್ ಮೇಡಂ, ಬಕೆಟ್ ಬೇಸಾಯ ಎಲ್ಲಿಗೆ ಬಂತು?" ಎನ್ನುವರು. ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತ ವಿದ್ಯೆಯನ್ನು ಒಪ್ಪಿಸುವೆ. ಅವರು ಪರೀಕ್ಷೆಯಲ್ಲಿ ಸೊನ್ನೆ ತೆಗೆದ ಮಗುವನ್ನು ಸಮಾಧಾನ ಮಾಡುವಂತೆ ನಗುವರು.

ಅಂಥವರು ಫೆಬ್ರವರಿಯ ಒಂದು ದಿನ ಮೇಲೆ ಬಂದು, ಟ್ಯಾಂಕು ನೋಡದೆ, ಜೇಬಿನಿಂದ ಬಟ್ಟೆಯ ಗಂಟೊಂದನ್ನು ತೆಗೆದರು. ಹಳೇ ಟ್ರಂಕು ಖಾಲಿ ಮಾಡುವಾಗ ಕೆಂಪಮ್ಮನಿಗೆ ಸಿಕ್ಕಿದ್ದಂತೆ. ಒಳಗೆ ಬೂದಿ, ಬೂದಿಯೊಳಗೆ ಏಳು ಬೀಜ.

"ನಮ್ಮವ್ವ ಕಟ್ಟಿಟ್ಟಿದ್ದ ಪಡವಲ ಬೀಜ ಮೇಡಂ. ಈ ಮನೆ ಕಟ್ಟೋಕೆ ಮುಂಚೆ ಹಿತ್ತಲಲ್ಲಿ ಬಿಟ್ಟಿದ್ದು. ಇದು ಅಂಗಡೀಲಿ ಸಿಗೋ ಜಾತಿ ಅಲ್ಲ, ಒಂದೊಂದು ಒಂದ್ ಮಾರು ಬರ್ತಿತ್ತು. ಅವ್ವ ಹೋಗಿ ಮೂರ್ ವರ್ಷ ಆಯ್ತು. ಇನ್ನು ಇಷ್ಟೇ ಉಳಿದಿರೋದು."

"ನೀವೇ ಹಾಕಬಹುದಲ್ಲ ನಂಜಪ್ಪನೋರೆ?"

ಅವರು ನನ್ನ ಪೇಂಟಿನ ಬಕೆಟ್ಟುಗಳ ಕಡೆ ನೋಡಿದರು. "ಮೂರ್ ಎಕರೆ ಉತ್ತೋನಿಗೆ ಇದ್ರ ಮುಂದೆ ಕುಕ್ಕರುಗಾಲಲ್ಲಿ ಕೂರೋಕೆ ಒಂಥರಾ ಆಗ್ತೈತೆ. ನೀವ್ ಹಾಕಿ. ಕಾಯಿ ಎಲ್ಲ ನಿಮ್ಗೇ. ಬೀಜಕ್ಕೆ ಒಂದ್ ಕಾಯಿ ಬಿಟ್ಕೊಡಿ, ಸಾಕು."

ಒಂದು ಕಾಯಿ. ಕೇಳಿದರೆ ಎಷ್ಟು ಸಣ್ಣ ಬೇಡಿಕೆ ನೋಡಿ. ನಾನು ಆಗಲಿ ಎಂದುಬಿಟ್ಟೆ. ಮನೆಗೆ ಬಂದು ಬೀಜ ನೀರಿಗೆ ಹಾಕಿದರೆ ಐದು ತೇಲಿದವು; ಹುಳು ತಿಂದು ಒಳಗೆ ಟೊಳ್ಳು. ಉಳಿದ ಎರಡನ್ನು ಸೀಳು ಡ್ರಮ್ಮಿನಲ್ಲಿ ಊರಿದೆ. ಒಂದು ಬಂತು.

ಅಲ್ಲಿಂದ ನಮ್ಮ ಮನೆಯ ಬೇಸಿಗೆ ಆ ಒಂದು ಬಳ್ಳಿಯ ಸುತ್ತ ತಿರುಗಿತು. ಬೆಂಗಳೂರಿನ ಏಪ್ರಿಲ್ ಮೊದಲಿನ ಹಾಗಿಲ್ಲ. ಬೆಳಿಗ್ಗೆ ಆರಕ್ಕೆ ಮುಂಚೆ ನೀರು ಹಾಕಿದರೆ ಉಂಟು, ಹತ್ತಕ್ಕೆ ಪೈಪು ತಿರುಗಿಸಿದರೆ ಡಿಕಾಕ್ಷನ್ ಇಳಿಸಬಹುದಾದಷ್ಟು ಬಿಸಿ ನೀರು. ಹಾಗಾಗಿ ನಾನು ಐದೂವರೆಗೆ ಎದ್ದು ಮಗ್ಗು ಹಿಡಿಯುತ್ತಿದ್ದೆ. ನೀರೂ ಎಲ್ಲಿತ್ತು? ಬೋರಿನಲ್ಲಿ ಒಂದು ದಿನ ಬಂದರೆ ಎರಡು ದಿನ ಕೆಮ್ಮು. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಫಿಲ್ಟರಿನಿಂದ ಹೊರಹೋಗುವ ನೀರು, ಎಲ್ಲಕ್ಕೂ ಒಂದೊಂದು ಕೊಡ ಇಟ್ಟೆ. ನನ್ನ ಗಂಡ, ನಾನು ಅವರನ್ನು ನಮ್ಮವರು ಎಂದೇ ಹೇಳುವುದು, ಸೊಪ್ಪು ತೊಳೆದ ನೀರನ್ನು ಒಮ್ಮೆ ಮರೆತು ಅಡುಗೆಮನೆಯ ಸಿಂಕಿಗೆ ಚೆಲ್ಲಿಬಿಟ್ಟರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸೂಪರ್‌ವೈಸರ್ ಆಗಿದ್ದ ಮನುಷ್ಯ. ಅವತ್ತು ನನ್ನ ಮುಂದೆ ತಲೆ ತಗ್ಗಿಸಿ ನಿಂತ ಹಾಗೆ ಯಾವ ಮ್ಯಾನೇಜರ್ ಮುಂದೆಯೂ ನಿಂತಿರಲಿಕ್ಕಿಲ್ಲ.

ಬುಡಕ್ಕೆ ಒಣಗಿದೆಲೆ ಮುಚ್ಚಬೇಕು, ತೇವ ಉಳಿಯುತ್ತದೆ. ಅದಕ್ಕೆ ಪಾರ್ಕಿಗೆ ಗೋಣಿಚೀಲ ಹಿಡಿದು ಹೋದೆ. ಗುಡಿಸಿ ಗುಡ್ಡೆ ಹಾಕಿದ್ದ ಹೆಂಗಸು ಮೊದಲ ದಿನ ಅನುಮಾನದಿಂದ ನೋಡಿದಳು, ಎರಡನೇ ದಿನ ಚೀಲ ತುಂಬಿಸಲು ಸಹಾಯ ಮಾಡಿದಳು, ಮೂರನೇ ದಿನ, "ಮೇಡಂ, ಆ ಕಡೆ ರೋಡಿಂದೂ ತಂದಿಡ್ಲಾ?" ಎಂದು ತನ್ನ ಇಡೀ ವಾರ್ಡನ್ನು ನನಗೆ ಒಪ್ಪಿಸಲು ತಯಾರಾದಳು. ಇನ್ನು ಮಧ್ಯಾಹ್ನದ ಬಿಸಿಲಿಗೆ ನೆರಳು. ಹಸಿರು ಬಲೆ ತರುವುದರೊಳಗೆ ಎಲೆ ಸುಟ್ಟುಹೋಗುತ್ತಿತ್ತು, ನಮ್ಮವರ ಜರಿಯಂಚಿನ ಪಂಚೆಗಳನ್ನೇ ನಾಲ್ಕು ಕೋಲಿಗೆ ಕಟ್ಟಿದೆ. ಟೊಮೆಟೊ, ಬೆಂಡೆ, ಚೆಂಡುಹೂವು, ಎಲ್ಲ ಮದುವೆ ಚಪ್ಪರದ ಕೆಳಗೆ ಕೂತ ಬೀಗರಂತೆ ಕಾಣುತ್ತಿದ್ದವು. ನಮ್ಮವರು ನಿಜವಾದ ಮದುವೆಯೊಂದಕ್ಕೆ ಪ್ಯಾಂಟು ಹಾಕಿಕೊಂಡು ಹೋಗಬೇಕಾಯಿತು.

ಮಲ್ಲಿಗೆ ಮಾತ್ರ ಈ ಬಿಸಿಲನ್ನೇ ಕಾಯುತ್ತಿತ್ತು. ಫೆಬ್ರವರಿಯಲ್ಲಿ ಎಲೆಯೆಲ್ಲ ಸವರಿ, ತುದಿ ಕತ್ತರಿಸಿ ಬೋಳು ಮಾಡಿಟ್ಟಿದ್ದ ಗಿಡ, ಏಪ್ರಿಲಿಗೆ ಸಿಂಕಿನ ತುಂಬ ಮೊಗ್ಗು. ಸಂಜೆ ಬಿಡಿಸಿ ಕಟ್ಟುತ್ತಾ ಕೂತರೆ ಕೆಂಪಮ್ಮ ಬಂದು ಪಕ್ಕದಲ್ಲಿ ಕೂರುವರು. ಅವರ ಕೈಯಲ್ಲಿ ಹೂ ಒತ್ತೊತ್ತಾಗಿ ಬರುತ್ತದೆ, ನನ್ನದು ರೈಲಿನ ಡಬ್ಬಿಗಳ ಹಾಗೆ, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಇದನ್ನೇಕೆ ಹೇಳಿದೆನೆಂದರೆ, ಬಳ್ಳಿಯ ಸುದ್ದಿಯೆಲ್ಲ ಕೆಳಗೆ ಹೋಗುತ್ತಿದ್ದುದು ಹೂ ಕಟ್ಟುವ ಈ ಹೊತ್ತಿನಲ್ಲಿ.

ಪಡವಲ ಹೂ ನೋಡಿದ್ದೀರಾ? ಬೆಳ್ಳಗೆ, ಅಂಚಿಗೆಲ್ಲ ದಾರ ಬಿಟ್ಟ ಹಾಗೆ, ದೀಪ ಹಚ್ಚುವ ಹೊತ್ತಿಗೆ ಅರಳುತ್ತದೆ. ಮೂರನೇ ಮಹಡಿಯ ಮೇಲಿನ ಟೆರೇಸಿಗೆ ಪತಂಗಗಳು ಅಷ್ಟಾಗಿ ಬರುವುದಿಲ್ಲ. ಒಂದು ಗಂಡು ಹೂ ಕಿತ್ತು ಕಾಯಿ ಕಟ್ಟುವ ಹೂವಿಗೆ ನಾವೇ ತಾಗಿಸಬೇಕು. ಮೊದಲ ಸಲ ಪೀಚು ಕಾಣಿಸಿದಾಗ ನನಗೆ ಇದು ಗೊತ್ತಿರಲಿಲ್ಲ. ಸಂತೋಷ ತಡೆಯಲಾರದೆ ನಮ್ಮವರನ್ನು ಕೂಗಿ ಕರೆದು, ಕೈ ಚಾಚಿ, ನೋಡಿ ನೋಡಿ ಎಂದು ತೋರಿಸಿದೆ. ಮೂರನೇ ದಿನ ಅದು ಹಳದಿಯಾಗಿ ಉದುರಿತು. ಎರಡನೆಯದನ್ನೂ ತೋರಿಸಿದೆ. ಅದೂ ಉದುರಿತು. ನಂಜಪ್ಪನವರು ಬಂದು ಉದುರಿದ್ದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು.

"ಬೆರಳು ಮಾಡಿದ್ರಾ ಮೇಡಂ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ತಲೆಯಾಡಿಸಿದೆ. ಪರಾಗ ತಾಗಿಲ್ಲದ್ದಕ್ಕೆ ಉದುರಿರಬಹುದು ಎಂದು ವಿಡಿಯೋದ ವಿದ್ಯೆ ಹೇಳಲು ಹೊರಟೆ.

"ಅದೂ ಇರ್ಬೋದು. ಬೆರಳು ಮಾಡೋದು ಬ್ಯಾಡ" ಎಂದರು, ಎರಡೂ ಕಾಯಿಲೆಗೆ ಔಷಧಿ ಕೊಡುವ ಡಾಕ್ಟರ ಹಾಗೆ.

ಅವತ್ತಿನಿಂದ ಬಳ್ಳಿ ಹೂ ಬಿಡುವುದನ್ನೇ ಕಡಿಮೆ ಮಾಡಿತು. ಬಿಸಿಲಿಗೆ ಕೆಳಗಿನ ಎಲೆಗಳು ಕಾಗದದಂತಾದವು. ಇನ್ನೊಂದೇ ಒಂದು ಪೀಚು ಬಂತು, ಟ್ಯಾಂಕಿನ ಪಕ್ಕದ ಕಂಬಿಯಲ್ಲಿ. ಸಂಜೆ ಅಲ್ಲಿ ನಿಂತು ಹೂವಿಗೆ ಹೂ ತಾಗಿಸುತ್ತಿದ್ದರೆ ಕೆಂಪಮ್ಮ ನೋಡಿ, "ಎಲ್ರೂ ಮನೇಲಿ ದೀಪ ಹಚ್ತಾವ್ರೆ, ನೀವಿಲ್ಲಿ ಹೂವಿಗೆ ಧಾರೆ ಎರೀತಿದ್ದೀರ" ಎಂದು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಪೀಚು ನಿಂತಿತು. ಹಸಿರು ಗೆರೆ ಮೂಡಿ, ಕಿರುಬೆರಳುದ್ದ ಆಯಿತು.

ನಾನು ಟೆರೇಸಿನಲ್ಲಿ ತುರ್ತು ಪರಿಸ್ಥಿತಿ ಹೇರಿದೆ. ಬಟ್ಟೆ ಒಣಹಾಕಲು ಬಂದವರು, ಕೇಬಲ್ಲಿನವರು, ಟ್ಯಾಂಕು ತೊಳೆಯುವವರು, ಎಲ್ಲರಿಗೂ ಮೆಟ್ಟಿಲ ಬಾಗಿಲಲ್ಲೇ ಸೂಚನೆ: ಬೆರಳು ಮಡಚಿಕೊಳ್ಳಿ. ಕೇಬಲ್ಲಿನವನು ಮುಷ್ಟಿ ಬಿಗಿಹಿಡಿದು, "ಹಿಂಗಾ ಮೇಡಂ?" ಎಂದು ಕೇಳಿ, ಹಾಗೇ ಮುಷ್ಟಿಯಲ್ಲೇ ವೈರು ಸರಿಮಾಡಲು ನೋಡಿದ. ನಮ್ಮವರಿಗೆ ಗದ್ದದಿಂದ ತೋರಿಸುವುದು ಕಲಿಸಿದೆ. ಬಳ್ಳಿಯ ಕಡೆ ಗದ್ದ ಎತ್ತಿ ಎತ್ತಿ ಅವರ ಕುತ್ತಿಗೆ ಹಿಡಿದುಕೊಂಡಿತು.

ನಂಜಪ್ಪನವರು ನಾಲ್ಕು ದಿನ ಊರಲ್ಲಿರಲಿಲ್ಲ. ಬಂದ ಸಂಜೆ ಚಪ್ಪಲಿ ಕೂಡ ಬಿಡದೆ ಮೇಲೆ ಹತ್ತಿದರು. ಟ್ಯಾಂಕಿನ ಪಕ್ಕ ನಾನು, ನಮ್ಮವರು, ಕೆಂಪಮ್ಮ ಮೂವರೂ ಇದ್ದೆವು. ಪೀಚು ಆಗ ಗೇಣುದ್ದವಾಗಿತ್ತು. ಅವರು ಅದನ್ನು ನೋಡಿದರು. ಆಮೇಲೆ ಅವರ ಬಲಗೈ ತಾನಾಗಿ ಮೇಲೆದ್ದಿತು.

"ಅಗೋ ಕೆಂಪಿ, ಅವ್ವನ ಕಾಯಿ" ಎಂದರು.

ತೋರುಬೆರಳು ನೆಟ್ಟಗೆ, ಪೀಚಿಗೆ ಅರ್ಧ ಅಡಿ ದೂರದಲ್ಲಿತ್ತು. ನಾವು ಮೂವರೂ ಆ ಬೆರಳನ್ನು ನೋಡಿದೆವು. ಕೊನೆಗೆ ಅವರೂ ನೋಡಿದರು. ಎಪ್ಪತ್ತು ವರ್ಷದ ಮನುಷ್ಯ, ನಾಲ್ಕು ಮಹಡಿಯ ಮಾಲೀಕ, ನಮ್ಮೆಲ್ಲರ ಮುಂದೆ ತನ್ನ ತೋರುಬೆರಳನ್ನು ಬಾಯಿಗಿಟ್ಟು ಕಚ್ಚಿಕೊಂಡರು. ಆಮೇಲೆ ಇಳಿದುಹೋದರು.

ಅದರ ಮರುದಿನದಿಂದ ಅವರು ಟೆರೇಸಿಗೆ ಬರುವುದನ್ನು ನಿಲ್ಲಿಸಿದರು. ಕೇಳಿದರೆ ಮಂಡಿ ನೋವು ಎನ್ನುತ್ತಿದ್ದರು. ಅದೇ ಮಂಡಿಯಲ್ಲಿ ದಿನಾ ಬೆಳಿಗ್ಗೆ ಹಾಲಿನ ಬೂತಿಗೆ ದುಡುದುಡು ನಡೆದು ಹೋಗುವುದನ್ನು ನಾನು ಮೇಲಿನಿಂದ ನೋಡುತ್ತಿದ್ದೆ. ಕಾಯಿಯ ಉಸ್ತುವಾರಿ ಮಾತ್ರ ಕೆಂಪಮ್ಮನ ಮೂಲಕ ನಡೆಯಿತು.

"ತುದೀಗೆ ಕಲ್ಲು ಕಟ್ಟಿದ್ರಾ ಅಂತ ಕೇಳ್ಕೊಂಡು ಬಾ ಅಂದ್ರು. ಇಲ್ಲಾಂದ್ರೆ ಸುತ್ಕೊಳ್ತದಂತೆ."

"ಎಷ್ಟು ದೊಡ್ಡ ಕಲ್ಲು ಕೆಂಪಮ್ಮನೋರೆ?"

ಅವರು ನಾಲ್ಕು ಮಹಡಿ ಇಳಿದು, ಕೇಳಿಕೊಂಡು, ಮತ್ತೆ ಹತ್ತಿ ಬಂದರು. "ನಿಂಬೆಕಾಯಿ ಗಾತ್ರ ಸಾಕಂತೆ. ಜಾಸ್ತಿ ಆಸೆ ಮಾಡ್ಬಾರ್ದಂತೆ."

ನಾನು ಜಾಸ್ತಿ ಆಸೆ ಮಾಡಿ ಒಳಕಲ್ಲಿನ ಗುಂಡನ್ನು ನೋಡುತ್ತಿದ್ದದ್ದು ಕೆಳಗೆ ಹೇಗೆ ಗೊತ್ತಾಯಿತೋ. ನಿಂಬೆಕಾಯಿ ಗಾತ್ರದ ಕಲ್ಲನ್ನೇ ಕಟ್ಟಿದೆ. ಕಾಯಿ ದಿನಕ್ಕೆ ನಾಲ್ಕು ಬೆರಳು ಇಳಿಯಿತು. ಮೇ ತಿಂಗಳಲ್ಲಿ ಒಂದು ಸಂಜೆ ಆಲಿಕಲ್ಲು ಮಳೆ ಬಂದು ಚಪ್ಪರದ ಪಂಚೆಯೊಂದು ಹಾರಿ ಎದುರು ಮನೆಯ ಟಿವಿ ಡಿಶ್ಶಿಗೆ ಸುತ್ತಿಕೊಂಡಿತು. ನಾವಿಬ್ಬರೂ ಅದರ ಗೊಡವೆ ಬಿಟ್ಟು, ಇಡ್ಲಿ ಪಾತ್ರೆಯ ಮುಚ್ಚಳವನ್ನು ಕಾಯಿಯ ಮೇಲೆ ಹಿಡಿದುಕೊಂಡು ಅರ್ಧ ಗಂಟೆ ನೆನೆದೆವು. ಮುಚ್ಚಳದ ಮೇಲೆ ಆಲಿಕಲ್ಲು ಬಿದ್ದು ಟಣಟಣ ಎನ್ನುತ್ತಿತ್ತು. ನಮ್ಮವರು ನಗಲಿಕ್ಕೆ ಶುರುಮಾಡಿದರು, ನನಗೂ ತಡೆಯಲಾಗಲಿಲ್ಲ. ಮದುವೆಯಾದ ಹೊಸತರಲ್ಲಿ ಕೂಡ ನಾವು ಒಟ್ಟಿಗೆ ಅಷ್ಟು ಹೊತ್ತು ಮಳೆಯಲ್ಲಿ ನಿಂತಿರಲಿಲ್ಲ. ಮಳೆ ನಿಂತಾಗ ಇಬ್ಬರಿಗೂ ನೆಗಡಿ, ಕಾಯಿಗೆ ಒಂದು ಗೀರೂ ಇಲ್ಲ.

ಹೀಗೆ ಕಾಪಾಡಿಕೊಂಡು ಬಂದ ಕಾಯಿ ಮೇ ಕೊನೆಗೆ ಒಂದು ಬೆಳಿಗ್ಗೆ ಕೈಕೊಟ್ಟಿತು. ತುದಿಯಲ್ಲಿ ಹಸಿರು ಹೋಗಿ ಹಳದಿ. ಮುಟ್ಟಿದರೆ ಮೆತ್ತಗೆ. ಮಾರನೇ ದಿನ ಹಳದಿ ಮೇಲೇರಿತು. ಮೊದಲಿನ ಎರಡು ಪೀಚುಗಳೂ ಹಳದಿಯಾಗಿಯೇ ಉದುರಿದ್ದವಲ್ಲ, ಇದೂ ಕೊಳೆಯಿತು ಎಂದುಕೊಂಡೆ. ಬಳ್ಳಿ ಒಣಗುತ್ತಿತ್ತು, ಇನ್ನೊಂದು ಹೂವು ಬರುವ ಲಕ್ಷಣವಿರಲಿಲ್ಲ. ಕಾಯಿಯನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದೆ. ಮುಚ್ಚಿಟ್ಟರೆ ವಾಸಿಯಾಗುತ್ತದೆ ಎಂದಲ್ಲ, ನೋಡಲು ಆಗುತ್ತಿರಲಿಲ್ಲ. ಸಂಜೆ ಹೂ ಕಟ್ಟಲು ಬಂದ ಕೆಂಪಮ್ಮ ಪೇಪರು ನೋಡಿದರು, ತುದಿ ಸರಿಸಿ ಇಣುಕಿದರು. ಅವರು ಹಾಗಲ, ಸೋರೆಗಳ ಮನೆಯವರಲ್ಲ; ಮಾಗಡಿ ರಸ್ತೆಯ ಕಡೆಯ ರೇಷ್ಮೆಹುಳು ಸಾಕುವ ಮನೆಯಿಂದ ಬಂದವರು, ಮದುವೆಯಾದ ಮೇಲೆ ಹಿತ್ತಲೆಲ್ಲ ಅತ್ತೆಯದೇ ಯಜಮಾನಿಕೆ. ಅವರಿಗೂ ಅದು ಕೊಳೆತಂತೆಯೇ ಕಂಡಿತು. ಬಾಯಿಗೆ ಕೈಯಿಟ್ಟುಕೊಂಡು, ಕಾಯಿ ಕೊಳೆಯಿತು ಎಂದು ಹೇಳಲು ಕೆಳಗೆ ಹೋದರು.

ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ನಮ್ಮವರನ್ನು ಕರೆದುಕೊಂಡು ನಾನೇ ಕೆಳಗೆ ಹೋದೆ. ನಂಜಪ್ಪನವರು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಕಾಫಿ ಲೋಟ, ಮೇಲೆ ಕೆನೆ ಕಟ್ಟಿತ್ತು.

"ಬನ್ನಿ ಮೇಡಂ. ನಿಮ್ದೇನೂ ತಪ್ಪಿಲ್ಲ. ನೀವು ಚೆನ್ನಾಗೇ ನೋಡ್ಕಂಡ್ರಿ" ಎಂದರು. "ನಾನೇ ಬೆರಳು ಮಾಡ್ಬುಟ್ಟೆ. ನಮ್ಮವ್ವ ಸಾಯೋವರ್ಗೂ ಉಳಿಸ್ಕಂಡ್ ಬಂದಿದ್ದು. ನಾನು ಒಂದ್ ಬೆರಳಲ್ಲಿ ಕಳೆದೆ."

ಬೆರಳಿನಿಂದ ಕಾಯಿ ಕೊಳೆಯುವುದಿಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಅವರು, ಅದೂ ಇರಬಹುದು ಎನ್ನುತ್ತಿದ್ದರು, ಮನಸ್ಸಿನೊಳಗೆ ಬೆರಳು ಹಾಗೇ ಚಾಚಿಕೊಂಡಿರುತ್ತಿತ್ತು. ನನ್ನ ಹತ್ತಿರ ಅದಕ್ಕಿಂತ ನಾಚಿಕೆಗೇಡಿನ ಒಂದು ಸತ್ಯ ಇತ್ತು. ಮೊಬೈಲು ತೆಗೆದು ಅವರ ಮುಂದೆ ಹಿಡಿದೆ.

ಅದು ಕತ್ರಿಗುಪ್ಪೆಯ ನನ್ನ ತಂಗಿಗೆ ಕಳಿಸಿದ್ದ ಫೋಟೋ. ಮೂರನೇ ಪೀಚು ಬಂದ ಮಾರನೇ ದಿನದ್ದು. ಎಲೆಗಳ ನಡುವೆ ಅವಳಿಗೆ ಕಾಣಲಿಕ್ಕಿಲ್ಲವೆಂದು ಪಕ್ಕದಲ್ಲಿ ಬೆರಳಿಟ್ಟು ತೋರಿಸಿದ್ದೆ. ಉಗುರಿನ ಮಣ್ಣಿನ ಸಮೇತ ನನ್ನದೇ ತೋರುಬೆರಳು, ನೆಟ್ಟಗೆ.

"ನಿಮಗಿಂತ ಮುಂಚೆ ನಾನು ಮಾಡಿದ್ದೆ ನಂಜಪ್ಪನೋರೆ. ಎಲ್ಲರ ಕೈ ಮಡಚಿಸಿದ್ದು ನಾನೇ, ಮೊದಲು ತೋರಿಸಿದ್ದೂ ನಾನೇ."

ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು. ಆಗ ಹಿಂದಿನಿಂದ ನಮ್ಮವರು ಕೆಮ್ಮಿದರು.

"ನಾನೂ ಒಂದ್ಸಲ... ಅಂದ್ರೆ, ಕುತ್ತಿಗೆ ನೋವಿತ್ತು. ಗದ್ದ ಎತ್ತೋಕಾಗ್ಲಿಲ್ಲ. ಇವಳು ಒಳಗಿದ್ದಳು."

"ಯಾರಿಗೆ ತೋರಿಸಿದ್ರಿ?" ಎಂದು ನಾನು ತಿರುಗಿದೆ.

"ಯಾರಿಗೂ ಇಲ್ಲ. ನನಗೇ ತೋರಿಸ್ಕೊಂಡೆ."

ಬಾಗಿಲೊಳಗಿನಿಂದ ಕೆಂಪಮ್ಮನ ದನಿ ಬಂತು. "ನಾನು ದಿನಾ ತೋರಿಸ್ತಿದ್ದೆ. ಕೆಳಗ್ ಬಂದು ಇವ್ರಿಗೆ ಎಷ್ಟುದ್ದ ಆಯ್ತು ಅಂತ ಹೇಳ್ಬೇಕಲ್ಲ. ಬೆರಳಿಟ್ಟೇ ಅಳೀತಿದ್ದೆ. ಮುಟ್ಟಿ ಮುಟ್ಟಿ."

ನಂಜಪ್ಪನವರು ಒಬ್ಬೊಬ್ಬರ ಮುಖವನ್ನೂ ಸರದಿಯಲ್ಲಿ ನೋಡಿದರು. ಬೈಯುತ್ತಾರೇನೋ ಎಂದು ನಾನು ಕಾದೆ. ಅವರು ಏನನ್ನೋ ಲೆಕ್ಕ ಹಾಕುತ್ತಿದ್ದರು.

"ಇಷ್ಟ್ ಜನ ಬೆರಳು ಮಾಡಿದ್ಮೇಲೂ ಒಂದ್ ಮಾರು ಬೆಳೀತಾ?"

"ಒಂದು ಮಾರಿನ ಮೇಲೆ ಎರಡು ಗೇಣು" ಎಂದರು ಕೆಂಪಮ್ಮ.

ಅವರು ಎದ್ದರು. ಮಂಡಿ ನೋವಿನ ಮನುಷ್ಯ ನಾಲ್ಕು ಮಹಡಿಯನ್ನು ನಮಗಿಂತ ಮುಂಚೆ ಹತ್ತಿದರು. ನಾವು ಏದುಸಿರು ಬಿಡುತ್ತಾ ಹೋಗುವುದರೊಳಗೆ ಪೇಪರು ಬಿಚ್ಚಿ ಕೆಳಗೆ ಬಿದ್ದಿತ್ತು. ಕಾಯಿಯ ತುದಿ ಆ ಒಂದು ರಾತ್ರಿಯಲ್ಲಿ ಹಳದಿ ದಾಟಿ ಕೇಸರಿಗೆ ತಿರುಗಿತ್ತು. ಅವರು ಹೆಬ್ಬೆರಳಿನಿಂದ ಒತ್ತಿದರು, ಮೂಗಿನ ಹತ್ತಿರ ತಂದು ಮೂಸಿದರು. ಆಮೇಲೆ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ನಗಲು ಶುರುಮಾಡಿದರು. ಭುಜ ಅಲುಗಿತು, ಹೊಟ್ಟೆ ಅಲುಗಿತು, ಕಣ್ಣಲ್ಲಿ ನೀರು ಬಂತು.

"ಇದು ಕೊಳೆತಿಲ್ಲ ಮೇಡಂ. ಹಣ್ಣಾ‌ಗ್ತೈತೆ. ಪಡವಲ ಹಣ್ಣಾದ್ದು ನೀವು ನೋಡೇ ಇಲ್ವಾ?"

ನೋಡಿಲ್ಲ. ನೀವೇ ನೆನಪು ಮಾಡಿಕೊಳ್ಳಿ, ನೀವು ನೋಡಿದ್ದೀರಾ? ಹುಟ್ಟಿದಾಗಿನಿಂದ ಪಡವಲ ತಿಂದಿದ್ದೇನೆ, ಕೂಟು, ಪಲ್ಯ, ತಿರುಳಿನ ಚಟ್ನಿ ಎಲ್ಲ ಮಾಡಿದ್ದೇನೆ. ಎಳೆಯದಿದೆಯಾ ಎಂದು ಉಗುರು ನಾಟಿಸಿ ನೋಡಿ ತಂದಿದ್ದೇನೆ. ಅದಕ್ಕೂ ಒಂದು ಮುಪ್ಪಿದೆ, ಆ ಮುಪ್ಪು ಕೆಂಪಗೆ ಇಷ್ಟು ಚೆಂದ ಇರುತ್ತದೆ ಎಂದು ಯಾರೂ ಹೇಳಿರಲಿಲ್ಲ. ತಾನಾಗಿ ಹಣ್ಣಾಗಲು ನಾವು ಯಾವ ಪಡವಲಕಾಯಿಯನ್ನು ಬಿಟ್ಟಿದ್ದೇವೆ? ಕಾಯಿ ಉಳಿಸಿಕೊಳ್ಳಲು ಅಷ್ಟು ಒದ್ದಾಡಿದವಳು, ಅದು ಗೆದ್ದ ದಿನ ಸೋತಿತೆಂದು ಪೇಪರು ಸುತ್ತಿದ್ದೆ. ನಾನೂ ಅವರ ಪಕ್ಕ ಕೂತು ನಕ್ಕೆ. ನಮ್ಮವರು, ಕೆಂಪಮ್ಮ ಎಲ್ಲರೂ ನಕ್ಕರು. ಎದುರು ಮನೆಯವರು, ಹೇಗೂ ನಾವು ಕಂಡೆವು ಎಂದು, ಡಿಶ್ಶಿಗೆ ಸುತ್ತಿಕೊಂಡಿದ್ದ ಪಂಚೆಯನ್ನು ಒಂದು ಕೋಲಿಗೆ ಸಿಕ್ಕಿಸಿ ವಾಪಸು ಕೊಟ್ಟರು.

ವಾರ ಕಳೆದು ಕಾಯಿ ಪೂರ್ತಿ ಕೆಂಪಾಗಿ ತಾನೇ ಬಿರಿಯಿತು. ಒಳಗೆ ಕೆಂಪು ಅಂಟು ತಿರುಳು, ಅದರೊಳಗೆ ಗಟ್ಟಿ ಬೀಜ. ಕೆಂಪಮ್ಮ ತೊಳೆದು ಮೊರದಲ್ಲಿ ಹರಡಿದರು. ಬೂದಿಯಲ್ಲಿ ಕಲಸಿಡಬೇಕು ಎಂದರು ನಂಜಪ್ಪನವರು. ನಾಲ್ಕು ಮಹಡಿಯ ಮನೆಯಲ್ಲಿ ಎಲ್ಲರದೂ ಗ್ಯಾಸು, ಬೂದಿ ಎಲ್ಲಿಂದ ತರುವುದು? ನಮ್ಮವರು ಒಂದು ಚಮಚ ಹಿಡಿದು ಮನೆಮನೆಯ ದೇವರ ಗೂಡಿನ ಮುಂದೆ ಊದುಬತ್ತಿ ಸ್ಟ್ಯಾಂಡು ಕೆರೆದುಕೊಂಡು ಬಂದರು. ಬೀಜದ ಡಬ್ಬಿ ತೆಗೆದರೆ ಈಗಲೂ ಶ್ರೀಗಂಧದ ವಾಸನೆ. ಎಣಿಸಿದರೆ ಐವತ್ತಮೂರು. ಡಬ್ಬಿ ನನ್ನ ಬಳಿಯೇ ಇರಲಿ ಎಂದರು ನಂಜಪ್ಪನವರು. ಮಳೆ ಹಿಡಿದ ಮೇಲೆ ನಾನು ಬಕೆಟ್ಟುಗಳಿಗೆಲ್ಲ ಹಾಕುತ್ತೇನೆ ಎಂದೆ. ಅವರು ಬಕೆಟ್ಟುಗಳನ್ನೊಮ್ಮೆ ನೋಡಿ ಕೆಳಗಿಳಿದರು.

ಜೂನ್ ಮೂರನೇ ವಾರ, ರಾತ್ರಿ ಒಳ್ಳೆಯ ಮಳೆಯಾಗಿತ್ತು. ಬೆಳಿಗ್ಗೆ ನಾನು ಕುಂಡಗಳಲ್ಲಿ ನಿಂತ ನೀರು ಬಗ್ಗಿಸುತ್ತಿದ್ದಾಗ ಕೆಳಗಿನಿಂದ ಧಡ್ ಧಡ್ ಎಂದು ಸದ್ದು. ಗೋಡೆಯಿಂದ ಬಗ್ಗಿ ನೋಡಿದೆ. ಗೇಟಿನ ಪಕ್ಕ, ಅವರ ಕಾರು ನಿಲ್ಲುವ ಜಾಗದಲ್ಲಿ, ನಂಜಪ್ಪನವರು ಲುಂಗಿ ಎತ್ತಿ ಕಟ್ಟಿಕೊಂಡು ಹಾರೆಯಿಂದ ಟೈಲ್ಸ್ ಕೀಳುತ್ತಿದ್ದರು. ಕಾರು ಹೊರಗೆ ರಸ್ತೆಯಲ್ಲಿ ನಿಂತಿತ್ತು. ಕೆಂಪಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ಮನೆ ಒಡೀತಿದ್ದೀರಲ್ರೀ. ಕಾರು ಎಲ್ ನಿಲ್ಲಿಸ್ತೀರ?"

"ಕಾರು ರೋಡಲ್ಲಿ ನಿಂತ್ಕಳ್ತೈತೆ. ಬೀಜ ಎಲ್ ನಿಂತ್ಕಳ್ತೈತೆ?"

ನಾಲ್ಕು ಟೈಲ್ಸ್ ಎದ್ದವು. ಅದರಡಿ ಸಿಮೆಂಟು. ಅದನ್ನೂ ಒಡೆದರು. ಹೊಡೆದು ಹೊಡೆದು ಬೆವರು ಒರೆಸಿಕೊಂಡು, ಹಾರೆಯನ್ನು ಗೋಡೆಗೆ ಒರಗಿಸಿ, ಕುಕ್ಕರುಗಾಲಲ್ಲಿ ಕೂತು ಆ ಗುಂಡಿಯೊಳಗೆ ಕೈ ಹಾಕಿದರು. ಕೈ ಮೇಲೆ ಬಂದಾಗ ಅದರಲ್ಲಿ ಕೆಂಪು ಮಣ್ಣು. ಅವರು ಅದನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿ, ಬೀದಿಗೆಲ್ಲ ಕೇಳುವಂತೆ ಕೂಗಿದರು.

"ಮೇಡಂ, ಮಣ್ಣು ಇನ್ನೂ ಇಲ್ಲೇ ಐತೆ."

ನಾನು ಬೀಜದ ಡಬ್ಬಿ ತೆಗೆದುಕೊಂಡು ಮೆಟ್ಟಿಲು ಇಳಿದೆ.